ದುಡಿಮೆಯ ಜಾಗ, ದುಡಿಯುವವನ ಮನಸ್ಸು

ಎಂಟು ಗಂಟೆಯ ಪಾಳಿ, ಹೋಗಿ ಬರುವ ದಾರಿ, ನಡುವೆ ಬಸ್ಸಿಗಾಗಿ ಕಾಯುವ ಹೊತ್ತು ಎಲ್ಲವನ್ನೂ ಕೂಡಿಸಿದರೆ ದುಡಿಯುವ ಮನುಷ್ಯನು ಎಚ್ಚರವಾಗಿರುವ ಸಮಯದ ಅರ್ಧಕ್ಕಿಂತ ಹೆಚ್ಚು ಭಾಗ ದುಡಿಮೆಗೇ ಹೋಗುತ್ತದೆ. ಆದರೂ ನಮ್ಮ ಮನೆಗಳಲ್ಲಿ ಆ ಅರ್ಧ ಆಯುಷ್ಯದ ಬಗ್ಗೆ ನಡೆಯುವ ಮಾತು ಬಹಳ ಕಡಿಮೆ. ಸಂಪಾದನೆ ಹಲಾಲ್ ಆಗಿದೆಯೇ ಎಂದು ಕೇಳುತ್ತೇವೆ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಆ ಹಲಾಲ್ ಸಂಪಾದನೆಯನ್ನು ತರುವವನ ದಿನ ಹೇಗೆ ಕಳೆಯಿತು, ಅಲ್ಲಿ ಅವನಿಗೆ ಮನುಷ್ಯನ ಮರ್ಯಾದೆ ಸಿಕ್ಕಿತೇ, ಹತ್ತು ವರ್ಷ ದುಡಿದ ಮೇಲೆ ಅವನು ಬೆಳೆದಿದ್ದಾನೆಯೇ ಅಥವಾ ಸವೆದಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ.

ಸಂಜೆ ಮನೆಗೆ ಬಂದವನು ಮಕ್ಕಳ ಮೇಲೆ ರೇಗಿದರೆ ಅದನ್ನು ಅವನ ಸ್ವಭಾವವೆನ್ನುತ್ತೇವೆ. ರಾತ್ರಿ ನಿದ್ದೆ ಬರುವುದಿಲ್ಲವೆಂದರೆ ಚಿಂತೆ ಬಿಡು ಎನ್ನುತ್ತೇವೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ತಲೆನೋವೆಂದರೆ ಒಂದು ಮಾತ್ರೆ ಕೊಡುತ್ತೇವೆ. ಕೆಲವರಂತೂ ಇದಕ್ಕೆಲ್ಲ ಈಮಾನಿನ ಕೊರತೆಯೇ ಕಾರಣವೆಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಸರಿಯೇ? ಮನಸ್ಸಿನ ಒತ್ತಡ, ಕೆಲಸದಲ್ಲಿ ತೃಪ್ತಿ, ವೃತ್ತಿಯಲ್ಲಿ ಬೆಳವಣಿಗೆ ಈ ಮೂರೂ ದುಡಿಯುವವನ ಮನೋಬಲದಿಂದ ಮಾತ್ರ ಬರುತ್ತವೆಯೇ? ಅಥವಾ ಕೆಲಸವನ್ನು ಏರ್ಪಡಿಸಿದ ರೀತಿಗೂ ಅದರಲ್ಲಿ ಪಾಲಿದೆಯೇ? ಈ ಪ್ರಶ್ನೆಯನ್ನು ನಾವು ನಿಂತಿರುವ ನೆಲದಿಂದಲೇ ನೋಡೋಣ.

ಜಾಲಹಳ್ಳಿಯ ಮೂರು ಬಗೆಯ ದುಡಿಮೆ

ಬೆಂಗಳೂರಿನ ಉತ್ತರಕ್ಕಿರುವ ಜಾಲಹಳ್ಳಿಯಷ್ಟು ಬಗೆಬಗೆಯ ದುಡಿಮೆಯನ್ನು ಕಂಡ ಊರು ಕರ್ನಾಟಕದಲ್ಲಿ ವಿರಳ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಇಲ್ಲಿ ಎರಡು ದೊಡ್ಡ ಸರಕಾರಿ ಕಾರ್ಖಾನೆಗಳು ತಲೆಯೆತ್ತಿದವು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ. 1954ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯನ್ನೂ ಇಲ್ಲಿ ತೆರೆಯಿತು. ಕೂದಲೆಳೆಯಷ್ಟು ಸಣ್ಣ ಬಿಡಿಭಾಗಗಳನ್ನು ಜೋಡಿಸುವ ಆ ಕೆಲಸದಲ್ಲಿ ಬಹಳ ಮಂದಿ ಹೆಣ್ಣುಮಕ್ಕಳಿದ್ದರು. ಹೆಣ್ಣುಮಕ್ಕಳು ಕಾರ್ಖಾನೆಗೆ ಹೋಗುವುದೇ ಅಪರೂಪವಾಗಿದ್ದ ಕಾಲವದು.

ಈ ಕಾರ್ಖಾನೆಗಳು ಸಂಬಳದ ಜೊತೆಗೆ ವಸತಿ, ಶಾಲೆ, ಆಸ್ಪತ್ರೆ, ಕ್ಯಾಂಟೀನ್, ಬಸ್ಸು, ಆಟದ ಮೈದಾನಗಳನ್ನೂ ಒದಗಿಸಿದವು. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದವನು ಫಿಟ್ಟರ್ ಆಗಿ, ಆಮೇಲೆ ಮೇಸ್ತ್ರಿಯಾಗಿ ಮೇಲೇರುವ ಮೆಟ್ಟಿಲುಗಳಿದ್ದವು. ಹಾಗೆಂದು ಅಲ್ಲಿ ಅತೃಪ್ತಿಯೇ ಇರಲಿಲ್ಲವೆನ್ನಲಾಗದು. 1980ರ ಡಿಸೆಂಬರ್ ಕೊನೆಯಲ್ಲಿ ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂದು ಹೂಡಿದ ಮುಷ್ಕರವು 77 ದಿನ ನಡೆಯಿತು.

ಎರಡನೆಯದು ಪಕ್ಕದ ಪೀಣ್ಯ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ. ಲೇತ್, ಮಿಲ್ಲಿಂಗ್, ಪ್ರೆಸ್, ಪ್ಲೇಟಿಂಗ್, ಈಗ ಸಿಎನ್‌ಸಿ. ಹತ್ತು ಹದಿನೈದು ಮಂದಿ ಕೆಲಸ ಮಾಡುವ ಶೆಡ್ಡುಗಳಲ್ಲಿ ಮಾಲೀಕನ ಪರಿಸ್ಥಿತಿಯೂ ಅಷ್ಟೇನೂ ನೆಮ್ಮದಿಯದಲ್ಲ. ಆರ್ಡರ್ ಬಂದರೆ ಹಗಲು ರಾತ್ರಿ ದುಡಿಮೆ, ಬರದಿದ್ದರೆ ಬ್ಯಾಂಕಿನ ಕಂತಿನ ಚಿಂತೆ. ಆ ಚಿಂತೆಯು ಮೇಲಿನಿಂದ ಕೆಳಕ್ಕೆ ಹರಿದು ಕೊನೆಗೆ ಹೆಲ್ಪರ್ ಹುಡುಗನ ತಲೆಯ ಮೇಲೆ ಬೀಳುತ್ತದೆ.

ಮೂರನೆಯದು ಸಿದ್ಧ ಉಡುಪಿನ ಕಾರ್ಖಾನೆಗಳು. ಬೆಂಗಳೂರಿನ ಈ ಉದ್ಯಮದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಕಾಲರ್ ಹೊಲಿಯುವವಳು ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಒಬ್ಬಳು ನಿಧಾನಿಸಿದರೆ ಇಡೀ ಲೈನ್ ನಿಲ್ಲುತ್ತದೆ, ಸೂಪರ್‌ವೈಸರನ ಗದರಿಕೆ ಶುರುವಾಗುತ್ತದೆ. ನೀರು ಕುಡಿದರೆ ಎದ್ದು ಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವ ಹೆಣ್ಣುಮಕ್ಕಳಿದ್ದಾರೆ.

2016ರ ಏಪ್ರಿಲ್‌ನಲ್ಲಿ ಈ ಹೆಂಗಸರು ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಸಾವಿರ ಸಾವಿರವಾಗಿ ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವೇ ಅದಕ್ಕೆ ಕಾರಣ. ಎರಡನೆಯ ದಿನವೇ, ಏಪ್ರಿಲ್ 19ರಂದು, ಕೇಂದ್ರ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಂದು ನಿಯಮಕ್ಕೆ ಇಷ್ಟೊಂದು ಆಕ್ರೋಶವೇಕೆ ಎಂದು ಹಲವರಿಗೆ ಅಚ್ಚರಿಯಾಯಿತು. ಆದರೆ ಮಗಳ ಮದುವೆಗೆ, ಮಗನ ಫೀಸಿಗೆ, ಮನೆಯ ಭೋಗ್ಯಕ್ಕೆ ಅವರಿಗಿದ್ದ ಒಂದೇ ಗಂಟು ಅದು. ದೇಹ ಸೋತು ಕೆಲಸ ಬಿಡುವ ದಿನ ಕೈಗೆ ಬರಬೇಕಾದ ಹಣ. 58ರವರೆಗೆ ಆ ಯಂತ್ರದ ಮುಂದೆ ಕೂತಿರಲು ಸಾಧ್ಯವಿಲ್ಲವೆಂಬುದು ಅವರಿಗೆ ಗೊತ್ತಿತ್ತು, ನಿಯಮ ಮಾಡಿದವರಿಗೆ ಗೊತ್ತಿರಲಿಲ್ಲ.

ಒತ್ತಡ ಎಲ್ಲಿಂದ ಬರುತ್ತದೆ?

ಕೆಲಸ ಹೆಚ್ಚಾದರೆ ಒತ್ತಡ ಹೆಚ್ಚುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇದು ಅರ್ಧ ಸತ್ಯ ಮಾತ್ರ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸರು ಒಂದು ಸರಳ ವಿಚಾರವನ್ನು ಮುಂದಿಟ್ಟರು. ಕೆಲಸದ ಭಾರ ಎಷ್ಟಿದೆ ಎಂಬುದೊಂದು, ಆ ಕೆಲಸವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ದುಡಿಯುವವನಿಗೆ ಎಷ್ಟಿದೆ ಎಂಬುದು ಇನ್ನೊಂದು. ಭಾರ ಹೆಚ್ಚಿದ್ದು ಸ್ವಾತಂತ್ರ್ಯವೂ ಇದ್ದರೆ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಭಾರ ಹೆಚ್ಚಿದ್ದು ಸ್ವಾತಂತ್ರ್ಯ ಇಲ್ಲದಿದ್ದರೆ ಕುಗ್ಗುತ್ತಾನೆ. ಜೊತೆಯವರ ಮತ್ತು ಮೇಲಿನವರ ಆಸರೆಯೂ ಇಲ್ಲವಾದರೆ ಹಾನಿ ಇನ್ನೂ ಹೆಚ್ಚೆಂದು ನಂತರದ ಸಂಶೋಧಕರು ಸೇರಿಸಿದರು.

ಈ ಅಳತೆಗೋಲಿನಿಂದ ನಮ್ಮ ಊರನ್ನು ನೋಡಿ. ಕಷ್ಟದ ಒಂದು ಜಾಬ್ ಕೈಗೆ ಬಂದಾಗ ಅದನ್ನು ಹೇಗೆ ಹಿಡಿಯಬೇಕು, ಯಾವ ಟೂಲ್ ಹಾಕಬೇಕೆಂದು ತಾನೇ ಯೋಚಿಸುವ ಟರ್ನರನೂ ದಣಿಯುತ್ತಾನೆ. ಆದರೆ ಜಾಬ್ ಸರಿಯಾಗಿ ಬಂದಾಗ ಅವನ ದಣಿವಿನಲ್ಲಿ ಒಂದು ಸಂತೋಷವಿರುತ್ತದೆ. ಲೈನಿನಲ್ಲಿ ಕೂತವಳಿಗೆ ವೇಗವೂ ತನ್ನದಲ್ಲ, ಕ್ರಮವೂ ತನ್ನದಲ್ಲ, ಏಳುವ ಹೊತ್ತೂ ತನ್ನದಲ್ಲ. ಇಬ್ಬರೂ ಎಂಟು ಗಂಟೆಯೇ ದುಡಿದರೂ ಮನಸ್ಸಿಗೆ ಬೀಳುವ ಹೊರೆ ಬೇರೆ ಬೇರೆ.

ಬ್ರಿಟನ್ನಿನಲ್ಲಿ ಸರಕಾರಿ ನೌಕರರ ಮೇಲೆ ಮೈಕಲ್ ಮಾರ್ಮಟ್ ಮತ್ತು ಅವರ ಸಂಗಡಿಗರು ನಡೆಸಿದ ವೈಟ್‌ಹಾಲ್ ಅಧ್ಯಯನಗಳು ಇನ್ನೊಂದು ತಪ್ಪು ನಂಬಿಕೆಯನ್ನು ಮುರಿದವು. ಹೃದಯಾಘಾತವು ದೊಡ್ಡ ಜವಾಬ್ದಾರಿ ಹೊತ್ತ ಅಧಿಕಾರಿಗಳ ಕಾಯಿಲೆ ಎಂದು ಜನ ತಿಳಿದಿದ್ದರು. ಆದರೆ ಕೆಳಗಿನ ದರ್ಜೆಯ ನೌಕರರಲ್ಲೇ ಹೃದಯದ ಕಾಯಿಲೆ ಹೆಚ್ಚೆಂದು ಕಂಡುಬಂತು. ಧೂಮಪಾನದಂತಹ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಅವರು ತೋರಿಸಿದರು.

ದುಡಿಮೆಯ ಗಂಟೆಗಳ ವಿಷಯವೂ ಇದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ದೇಶದಲ್ಲೆಲ್ಲ ಚರ್ಚೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಜಂಟಿ ಅಂದಾಜನ್ನು ಇದರೊಂದಿಗೆ ಇಟ್ಟು ನೋಡಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಹೆಚ್ಚು, ಹೃದಯಕ್ಕೆ ರಕ್ತ ಸಾಲದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು 7,45,000 ಜನ ಈ ಎರಡು ಕಾಯಿಲೆಗಳಿಂದ ಸತ್ತರೆಂದು ಆ ಅಂದಾಜು ಹೇಳುತ್ತದೆ.

ಆದ್ದರಿಂದ ಒತ್ತಡವನ್ನು ಕೇವಲ ಈಮಾನಿನ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಆದರೆ ಉಸಿರಾಡಲು ಗಾಳಿಯಿಲ್ಲದ ಕೋಣೆಯಲ್ಲಿ ಒಬ್ಬನನ್ನು ಕೂಡಿಹಾಕಿ, ಕಿಟಕಿ ತೆರೆಯುವ ಬದಲು ಸಹನೆಯ ಉಪದೇಶ ಮಾಡುವುದು ಧರ್ಮವಲ್ಲ.

ತೃಪ್ತಿ ಬೇರೆ, ದೂರಿಲ್ಲದಿರುವುದು ಬೇರೆ

ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದ ಇಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತನಾಡಿಸಿದ್ದರು. ಯಾವಾಗ ಕೆಲಸದಲ್ಲಿ ಸಂತೋಷವಾಯಿತು, ಯಾವಾಗ ಬೇಸರವಾಯಿತು ಎಂಬುದೇ ಪ್ರಶ್ನೆ. ಬೇಸರಕ್ಕೆ ಕಾರಣ ಕೇಳಿದಾಗ ಜನ ಕಂಪೆನಿಯ ನಿಯಮ, ಮೇಲ್ವಿಚಾರಣೆಯ ರೀತಿ, ಸಂಬಳ, ಕೆಲಸದ ಜಾಗದ ಸ್ಥಿತಿ ಮುಂತಾದವನ್ನು ಹೇಳಿದರು. ಸಂತೋಷಕ್ಕೆ ಕಾರಣ ಕೇಳಿದಾಗ ಸಾಧನೆ, ಗುರುತಿಸಿ ಆಡಿದ ಒಳ್ಳೆಯ ಮಾತು, ಜವಾಬ್ದಾರಿ, ಮುನ್ನಡೆ ಮುಂತಾದವನ್ನು ಹೇಳಿದರು. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೂ ಇದರಲ್ಲಿ ಒಂದು ತಿಳಿವಳಿಕೆಯಿದೆ. ಫ್ಯಾನು, ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಸಂಬಳ ಇವು ಇಲ್ಲದಿದ್ದರೆ ಮನುಷ್ಯ ನರಳುತ್ತಾನೆ. ಇವೆಲ್ಲ ಇದ್ದ ಮಾತ್ರಕ್ಕೆ ಅವನ ಮನಸ್ಸು ತುಂಬುವುದಿಲ್ಲ. ಮನಸ್ಸು ತುಂಬುವುದು ತಾನು ಮಾಡಿದ್ದಕ್ಕೆ ಬೆಲೆಯಿದೆ ಎಂದು ತಿಳಿದಾಗ.

ಎಚ್‌ಎಂಟಿ ಗಡಿಯಾರ ಜೋಡಿಸಿದವರನ್ನು ಇಂದಿಗೂ ಕೇಳಿ ನೋಡಿ. ಸಂಬಳದ ಮಾತಿಗಿಂತ ಮೊದಲು ಬರುವುದು ಆ ಗಡಿಯಾರದ ಮಾತು. ಹಳ್ಳಿಯ ಮೇಷ್ಟ್ರು, ರೈಲ್ವೆಯ ಗಾರ್ಡ್, ಹೊಸದಾಗಿ ಮದುವೆಯಾದ ಹುಡುಗ ಎಲ್ಲರ ಕೈಯಲ್ಲೂ ತಾವು ಮಾಡಿದ ಜನತಾ, ಪೈಲಟ್ ಗಡಿಯಾರವಿತ್ತು ಎಂಬ ಹೆಮ್ಮೆ ಅದು.

ಬೆಳವಣಿಗೆ ಎಂಬ ಹಕ್ಕು

ಆದರೆ ಅದೇ ಎಚ್‌ಎಂಟಿಯಿಂದ ಇನ್ನೊಂದು ಪಾಠವೂ ಇದೆ. 1980ರ ದಶಕದಲ್ಲಿ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆಗೆ ನುಗ್ಗಿದವು. 1984ರಲ್ಲಿ ಟೈಟಾನ್ ಹುಟ್ಟಿತು. ಕೀಲಿ ಕೊಡುವ ಗಡಿಯಾರವನ್ನೇ ನೆಚ್ಚಿಕೊಂಡಿದ್ದ ಎಚ್‌ಎಂಟಿ ಹಿಂದೆ ಬಿತ್ತು, ನಷ್ಟದಿಂದ ಮೇಲೇಳಲಾಗಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಆ ಇತಿಹಾಸವನ್ನು ಹೇಳುವ ಒಂದು ವಸ್ತು ಸಂಗ್ರಹಾಲಯವಿದೆ.

ಮೂವತ್ತು ವರ್ಷ ಸೂಕ್ಷ್ಮ ಕೆಲಸ ಮಾಡಿದ ಕೈಗೆ ಕಾರ್ಖಾನೆ ಮುಚ್ಚಿದ ಮರುದಿನ ಹೊರಗೆ ಬೆಲೆ ಸಿಗದೆಹೋದರೆ ಅದು ಆ ಕೈಯ ದೋಷವಲ್ಲ. ಕಾಲ ಬದಲಾದಂತೆ ಹೊಸತನ್ನು ಕಲಿಸುವುದು ಕೆಲಸ ಕೊಟ್ಟವನ ಹೊಣೆ, ಕಲಿಯಲು ಮುಂದೆ ಬರುವುದು ಕೆಲಸಗಾರನ ಹೊಣೆ. ಇವೆರಡರಲ್ಲಿ ಒಂದು ತಪ್ಪಿದರೂ ನಷ್ಟ ಇಬ್ಬರಿಗೂ. ಪೀಣ್ಯದಲ್ಲಿ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನದಂತಹ ಸಂಸ್ಥೆಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಸ್ಟೈಪೆಂಡ್ ಪಡೆಯುತ್ತಾ ಕಲಿಯುವ ಅವಕಾಶವಿದೆ. ಆದರೂ ನಮ್ಮ ಎಷ್ಟೋ ಹುಡುಗರು ಹತ್ತನೆಯ ತರಗತಿ ಮುಗಿಯುವ ಮೊದಲೇ ಗ್ಯಾರೇಜಿಗೋ ವೆಲ್ಡಿಂಗ್ ಅಂಗಡಿಗೋ ಸೇರಿ, ಹತ್ತು ವರ್ಷ ಕಳೆದರೂ ಚಹಾ ತರುವ, ಸ್ಪ್ಯಾನರ್ ಕೊಡುವ ಕೆಲಸದಲ್ಲೇ ಉಳಿಯುತ್ತಾರೆ. ಉಸ್ತಾದ್ ತನ್ನ ವಿದ್ಯೆಯನ್ನು ಕಲಿಸಿದರೆ ಹುಡುಗ ಬೇರೆ ಅಂಗಡಿ ಹಾಕಿಯಾನೆಂಬ ಭಯ! ಅನ್ನದಾತನು ಅಲ್ಲಾಹನೆಂದು ನಂಬಿದವನಿಗೆ ಈ ಭಯ ಒಪ್ಪುವುದೇ?

ಪವಿತ್ರ ಕುರ್‌ಆನ್ ದಾವೂದ್(ಅ)ರ ಬಗ್ಗೆ ಹೇಳುವಾಗ ಅವರಿಗೆ ಕಬ್ಬಿಣವನ್ನು ಮೆದುಗೊಳಿಸಿ ಕೊಟ್ಟ ವಿಷಯವನ್ನೂ, ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಮಾಡಬೇಕೆಂದು ಅವರಿಗೆ ಆಜ್ಞಾಪಿಸಿದ ವಿಷಯವನ್ನೂ ಹೇಳುತ್ತದೆ (ಸಬಾ: 10, 11). ಕಮ್ಮಾರಿಕೆಯ ಅಳತೆಯೂ ದೇವವಾಣಿಯಲ್ಲಿ ಸ್ಥಾನ ಪಡೆದಿದೆ ಎಂಬುದನ್ನು ಗಮನಿಸಿ. ಅಧೀನದಲ್ಲಿರುವ ದಾಸಿಗೆ ಉತ್ತಮ ಶಿಕ್ಷಣ ಮತ್ತು ಶಿಸ್ತು ಕಲಿಸಿ, ಅವಳನ್ನು ಬಿಡುಗಡೆಗೊಳಿಸಿ, ವಿವಾಹವಾದವನಿಗೆ ಇಮ್ಮಡಿ ಪ್ರತಿಫಲವಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿರುವುದಾಗಿ ಅಬೂ ಮೂಸಾ(ರ) ವರದಿ ಮಾಡಿದ್ದಾರೆ (ಬುಖಾರಿ). ಕೈಕೆಳಗಿನವರನ್ನು ಇದ್ದಲ್ಲೇ ಇಡುವುದಲ್ಲ, ಅವರನ್ನು ಮೇಲೆತ್ತುವುದು ಪುಣ್ಯಕಾರ್ಯವೆಂದು ಇದರಿಂದ ತಿಳಿಯುತ್ತದೆ.

ಮದ್‌ಯನಿನ ಒಪ್ಪಂದ

ಕೂಲಿಗೆ ನೇಮಿಸುವವನೂ ನೇಮಕವಾಗುವವನೂ ಹೇಗಿರಬೇಕೆಂಬುದಕ್ಕೆ ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಮೂಸಾ(ಅ)ರ ವೃತ್ತಾಂತ ಒಂದು ಪೂರ್ಣ ಪಾಠ. ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದು ದಣಿದಿದ್ದ ಯುವಕನಿಗೆ ಮದ್‌ಯನಿನ ವೃದ್ಧರು ಮೊದಲು ಕೊಟ್ಟದ್ದು ಅಭಯ. ಆಮೇಲೆ ಕೆಲಸದ ಮಾತು. ಅವರ ಮಗಳು ಕೆಲಸಗಾರನಲ್ಲಿರಬೇಕಾದ ಎರಡು ಗುಣಗಳನ್ನು ಹೇಳಿದಳು: ಶಕ್ತಿ ಮತ್ತು ಪ್ರಾಮಾಣಿಕತೆ (ಅಲ್ ಕಸಸ್: 26). ಬಳಿಕ ಆ ಹಿರಿಯರು ಅವಧಿಯನ್ನು ಸ್ಪಷ್ಟವಾಗಿ ಹೇಳಿದರು: ಎಂಟು ವರ್ಷ, ಹತ್ತು ವರ್ಷ ತುಂಬಿಸಿದರೆ ಅದು ನಿನ್ನ ಇಷ್ಟ. ನಿನ್ನನ್ನು ಕಷ್ಟಕ್ಕೆ ಗುರಿಪಡಿಸುವ ಇಚ್ಛೆ ನನಗಿಲ್ಲವೆಂದೂ ಹೇಳಿದರು. ಎರಡರಲ್ಲಿ ಯಾವ ಅವಧಿ ಪೂರೈಸಿದರೂ ತನ್ನ ಮೇಲೆ ಅತಿರೇಕವಾಗಬಾರದೆಂದು ಮೂಸಾ(ಅ) ಕೇಳಿಕೊಂಡರು. ಅಲ್ಲಾಹನನ್ನು ಸಾಕ್ಷಿಯಾಗಿಸಲಾಯಿತು (27, 28).

ಭದ್ರತೆ, ಯೋಗ್ಯತೆಗೆ ತಕ್ಕ ಆಯ್ಕೆ, ಸ್ಪಷ್ಟವಾದ ಅವಧಿ, ಹೆಚ್ಚಿನ ದುಡಿಮೆ ಕೆಲಸಗಾರನ ಇಚ್ಛೆಗೆ ಬಿಟ್ಟದ್ದು, ಕಷ್ಟ ಕೊಡುವುದಿಲ್ಲವೆಂಬ ಮಾತು, ತನ್ನ ಷರತ್ತನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ. ಇಂದಿನ ತಜ್ಞರು ಹೇಳುವ ಒಳ್ಳೆಯ ಕೆಲಸದ ಲಕ್ಷಣಗಳಲ್ಲಿ ಬಹುಪಾಲು ಇಲ್ಲಿವೆ.

ಸೇವಕರು ನಿಮ್ಮ ಸಹೋದರರು, ನೀವು ತಿನ್ನುವುದನ್ನು ಅವರಿಗೂ ಕೊಡಬೇಕು, ಶಕ್ತಿಮೀರಿದ ಕೆಲಸ ಹೇರಬಾರದು, ಹೇರಬೇಕಾಗಿ ಬಂದರೆ ನೀವೂ ಕೈಹಚ್ಚಬೇಕು ಎಂಬ ಪ್ರವಾದಿವರ್ಯರ(ಸ) ಆದೇಶವನ್ನು ಅಬೂದರ್(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ (ಇಬ್ನು ಮಾಜಃ) ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಕೆಲಸವನ್ನು ಪೂರ್ಣವಾಗಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆಯೂ ಇದೆ (ಬುಖಾರಿ). ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆ ಮಾಡಿದ ಅನಸ್(ರ) ಒಮ್ಮೆಯೂ ಅವರಿಂದ ಬೇಸರದ ಒಂದು ಸದ್ದನ್ನೂ ಕೇಳಲಿಲ್ಲವೆಂದು ನೆನೆಸಿಕೊಂಡಿದ್ದಾರೆ. ನಮ್ಮ ಅಂಗಡಿಯ ಹುಡುಗ, ನಮ್ಮ ಮನೆಯ ಕೆಲಸದಾಕೆ ನಮ್ಮ ಬಗ್ಗೆ ಹತ್ತು ದಿನದ ಸಾಕ್ಷ್ಯವನ್ನಾದರೂ ಹಾಗೆ ಹೇಳಿಯಾರೇ?

ಸಹನೆಯ ಹೆಸರಿನಲ್ಲಿ

ಸಹನೆ ದೊಡ್ಡ ಗುಣ. ಆದರೆ ಅದು ಕಷ್ಟಕ್ಕೆ ಸಿಕ್ಕಿದವನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಕಷ್ಟ ಕೊಡುವವನು ಅದನ್ನು ಉಪದೇಶಿಸಿದರೆ ಸಹನೆಯು ಅನ್ಯಾಯದ ಹೊದಿಕೆಯಾಗುತ್ತದೆ. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ನಿರ್ಧರಿಸಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿವರ್ಯರು(ಸ) ನಿನ್ನ ದೇಹಕ್ಕೆ, ನಿನ್ನ ಕಣ್ಣಿಗೆ, ನಿನ್ನ ಪತ್ನಿಗೆ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಸಿ ಅದನ್ನು ತಡೆದರು (ಬುಖಾರಿ). ಅಲ್ಲಾಹನ ಆರಾಧನೆಗೇ ದೇಹದ ಹಕ್ಕನ್ನು ಮೀರುವ ಅನುಮತಿಯಿಲ್ಲವೆಂದ ಮೇಲೆ ಒಂದು ಶಿಪ್‌ಮೆಂಟಿನ ಗಡುವಿಗೆ ಅದು ಎಲ್ಲಿಂದ ಬಂತು?

ದೇಶದ ಕಾನೂನು ಕೂಡ ಈ ದಿಕ್ಕಿನಲ್ಲೇ ನಡೆದು ಬಂದಿದೆ. 1948ರ ಕಾರ್ಖಾನೆ ಕಾಯ್ದೆಯು ವಾರಕ್ಕೆ 48 ಗಂಟೆಯ ಮಿತಿ, ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆ ವಿಶ್ರಾಂತಿ, ಮಿತಿ ಮೀರಿದ ದುಡಿಮೆಗೆ ಇಮ್ಮಡಿ ಕೂಲಿ, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುವಿಹಾರ ಇವನ್ನು ಕಡ್ಡಾಯಗೊಳಿಸಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಇಮ್ಮಡಿ ಕೂಲಿಯನ್ನು ಉಳಿಸಿಕೊಂಡಿದೆ, ಓವರ್‌ಟೈಮಿಗೆ ಕೆಲಸಗಾರನ ಒಪ್ಪಿಗೆ ಬೇಕೆನ್ನುತ್ತದೆ, ನೇಮಕಾತಿ ಪತ್ರ ಕೊಡಬೇಕೆನ್ನುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಈ ಹಕ್ಕುಗಳನ್ನು ಕೇಳುವುದು ಸಹನೆಗೆಟ್ಟ ವರ್ತನೆಯಲ್ಲ. ತನ್ನ ಷರತ್ತನ್ನು ಮೂಸಾ(ಅ) ಕೂಡ ಬಾಯಿಬಿಟ್ಟು ಹೇಳಿದ್ದರು.

ದುಡಿಯುವವನ ಪಾಲು

ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ನೋಡಿದರೆ ನ್ಯಾಯವಾಗದು. ತಮಗೆ ಬರಬೇಕಾದುದನ್ನು ಪೂರ್ಣವಾಗಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರ ನಾಶವನ್ನು ಕುರ್‌ಆನ್ ಸಾರುತ್ತದೆ (ಅಲ್ ಮುತಫ್ಫಿಫೀನ್: 1-3). ಪೂರ್ಣ ಸಂಬಳ ತೆಗೆದುಕೊಂಡು ಅರ್ಧ ದಿನ ಮೊಬೈಲಿನಲ್ಲಿ ಕಳೆಯುವವನೂ, ಕೆಟ್ಟ ಪೀಸನ್ನು ಒಳ್ಳೆಯದರ ಕೆಳಗೆ ಅಡಗಿಸುವವನೂ ಈ ಎಚ್ಚರಿಕೆಯ ಹೊರಗಿಲ್ಲ. ನಮಾಝಿಗೆಂದು ಹೋಗಿ ಒಂದು ಗಂಟೆ ಬಾರದವನು ಉಳಿದವರ ನಮಾಝಿನ ಬಿಡುವಿಗೂ ಕುತ್ತು ತರುತ್ತಾನೆ. ಶುಕ್ರವಾರದ ಕರೆ ಬಂದಾಗ ವ್ಯಾಪಾರ ಬಿಟ್ಟು ಧಾವಿಸಬೇಕೆಂದ ಕುರ್‌ಆನ್ ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲೂ ಹೇಳಿದೆ (ಅಲ್ ಜುಮುಅಃ: 9, 10).

ಒಳ್ಳೆಯ ಕೆಲಸಗಾರನ ತೃಪ್ತಿಯ ಒಂದು ಭಾಗ ಅವನ ಕೈಯಲ್ಲೇ ಇದೆ. ಯಾರೂ ನೋಡದಿದ್ದರೂ ಅಳತೆ ತಪ್ಪದಂತೆ ಮಾಡಿದ ಕೆಲಸವು ಮನಸ್ಸಿಗೆ ಕೊಡುವ ನೆಮ್ಮದಿಯನ್ನು ಯಾವ ಸೂಪರ್‌ವೈಸರನೂ ಕಿತ್ತುಕೊಳ್ಳಲಾರ.

ನಾವು ಮಾಡಬಹುದಾದುದು

ಇವೆಲ್ಲ ಸರಕಾರ ಮತ್ತು ದೊಡ್ಡ ಕಂಪೆನಿಗಳ ವಿಷಯವೆಂದು ಓದುಗರು ಪುಟ ತಿರುಗಿಸಬಾರದು. ನಮ್ಮಲ್ಲಿ ಗ್ಯಾರೇಜು, ಹೋಟೆಲು, ಗುಜರಿ, ಬೇಕರಿ, ಸಣ್ಣ ಶೆಡ್ಡು ನಡೆಸುವವರು ಬಹಳ ಮಂದಿ. ನಾಳೆಯಿಂದಲೇ ಆರಂಭಿಸಬಹುದಾದ ಕೆಲವು ಸಂಗತಿಗಳಿವೆ.

ಮಾಲೀಕರಿಗೆ: ಸಂಬಳದ ದಿನ ನಿಶ್ಚಿತವಾಗಿರಲಿ. ಮುಂದಿನ ವಾರದ ಪಾಳಿಯನ್ನು ಮೊದಲೇ ತಿಳಿಸಿ. ರಾತ್ರಿ ಪಾಳಿ ಮಾಡಿದವನನ್ನು ಮರುದಿನ ಬೆಳಿಗ್ಗೆ ಮತ್ತೆ ಕರೆಯಬೇಡಿ. ತಪ್ಪು ಹೇಳುವುದಿದ್ದರೆ ನಾಲ್ಕು ಜನರ ಮುಂದೆ ಹೇಳಬೇಡಿ, ಹೊಗಳುವುದಿದ್ದರೆ ನಾಲ್ಕು ಜನರ ಮುಂದೆಯೇ ಹೇಳಿ. ಕೆಲಸ ಹೇಗೆ ಸುಲಭವಾದೀತೆಂದು ಕೆಲಸ ಮಾಡುವವನನ್ನೇ ಕೇಳಿ; ಅವನ ಮೇಲಿನ ಹೊರೆಯಲ್ಲಿ ಅರ್ಧ ಆ ಪ್ರಶ್ನೆಯಿಂದಲೇ ಇಳಿಯುತ್ತದೆ. ವರ್ಷಕ್ಕೊಂದಾದರೂ ಹೊಸ ಕೆಲಸ ಕಲಿಸಿ.

ದುಡಿಯುವವರಿಗೆ: ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಮತ್ತು ಇಎಸ್‌ಐ ಸಂಖ್ಯೆಗಳನ್ನು ಕೇಳಿ ಪಡೆದು ಮನೆಯಲ್ಲಿಡಿ. ಸಹಿಸಲಾಗದ ಸಂಗತಿಯನ್ನು ಒಬ್ಬರೇ ನುಂಗಬೇಡಿ, ಜೊತೆಯವರೊಡನೆ ಮಾತನಾಡಿ, ಒಟ್ಟಾಗಿ ಸಭ್ಯವಾಗಿ ಹೇಳಿ. ನಿದ್ದೆಗೆಡುವುದು, ಎದೆ ಡವಗುಟ್ಟುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರಲ್ಲಿಗೆ ಹೋಗಿ. ಅದರಲ್ಲಿ ನಾಚಿಕೆಯೇನಿಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೆ: ರಾತ್ರಿ ಪಾಳಿ ಮುಗಿಸಿ ಬಂದವನ ಹಗಲು ನಿದ್ದೆಯನ್ನು ಸೋಮಾರಿತನವೆನ್ನಬೇಡಿ. ಕಾರ್ಖಾನೆಯಿಂದ ಬಂದ ಹೆಣ್ಣುಮಗಳಿಗೆ ಅಡುಗೆಮನೆಯಲ್ಲಿ ಎರಡನೆಯ ಪಾಳಿ ಕಾದಿರುತ್ತದೆ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ (ಬುಖಾರಿ). ಆ ಸುನ್ನತ್ತನ್ನು ಪಾಲಿಸಲು ಗಂಡಸರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೊಂದಿಲ್ಲ.

ಜಮಾಅತ್‌ಗಳಿಗೆ: ಮಸೀದಿಯ ಸೂಚನಾ ಫಲಕದಲ್ಲಿ ಐಟಿಐ ಮತ್ತು ಅಪ್ರೆಂಟಿಸ್ ಅರ್ಜಿಯ ದಿನಾಂಕಗಳೂ ಇರಲಿ. ಖುತ್ಬಾದಲ್ಲಿ ಬಡ್ಡಿಯ ಬಗ್ಗೆ ಮಾತನಾಡುವಂತೆ ತಡೆಹಿಡಿದ ಕೂಲಿಯ ಬಗ್ಗೆಯೂ ಮಾತನಾಡಲಿ. ಮೊದಲ ಸಾಲಿನಲ್ಲಿ ಕುಳಿತ ಮಾಲೀಕನೂ ಕೊನೆಯ ಸಾಲಿನಲ್ಲಿ ಕುಳಿತ ಅವನ ಕೆಲಸಗಾರನೂ ಅದನ್ನು ಒಟ್ಟಿಗೆ ಕೇಳಲಿ.

ನಾವೆಲ್ಲರೂ ಕುರುಬರು, ನಮ್ಮ ಮಂದೆಯ ಬಗ್ಗೆ ನಮ್ಮನ್ನು ಪ್ರಶ್ನಿಸಲಾಗುವುದೆಂಬ ಹದೀಸನ್ನು ನಾವು ಮನೆ ಮಕ್ಕಳಿಗಷ್ಟೇ ಅನ್ವಯಿಸಿಕೊಂಡು ಬಂದಿದ್ದೇವೆ. ಶೆಡ್ಡಿನ ಹೆಲ್ಪರ್ ಹುಡುಗ, ಲೈನಿನಲ್ಲಿ ಕುಳಿತ ತಾಯಿ, ಅಡುಗೆಮನೆಯ ಕೆಲಸದಾಕೆ ಕೂಡ ಆ ಮಂದೆಯಲ್ಲಿ ಸೇರಿದ್ದಾರೆ. ಅವರಿಗೆ ಎಷ್ಟು ಕೊಟ್ಟೆವೆಂಬ ಲೆಕ್ಕದ ಜೊತೆಗೆ ನಮ್ಮ ಬಳಿ ಇದ್ದಾಗ ಅವರು ಹೇಗಿದ್ದರೆಂಬ ಲೆಕ್ಕವನ್ನೂ ಅಂದು ಕೊಡಬೇಕಾಗುತ್ತದೆ. ಆ ಲೆಕ್ಕವನ್ನು ಇಂದೇ ಸರಿಪಡಿಸಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.